ಕರೋನ ನೋಡಲು ಯಾವ ದೂರದರ್ಶಕ ಬೇಕು?

ಮಕ್ಕಳೇ, ಸೂರ್ಯನ ಸುತ್ತ ಕಿರೀಟದಂಥ ಒಂದು ವಲಯವಿದೆ. ಅದೇ ಕರೋನ. ಸೂರ್ಯನ ಮೇಲ್ಮೈ ಶಾಖ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಕರೋನದ್ದು ಹತ್ತು ಲಕ್ಷ ಡಿಗ್ರಿಗೂ ಹೆಚ್ಚು! ಆದರೂ ಅದರ ಬೆಳಕು ಬಹಳ ಮಂದ. ಪೂರ್ಣ ಸೂರ್ಯಗ್ರಹಣದಲ್ಲಷ್ಟೇ ಕಣ್ಣಿಗೆ ಬೀಳುತ್ತದೆ. 1980ರ ಫೆಬ್ರವರಿ 16ರಂದು ಅಂಕೋಲ, ರಾಯಚೂರುಗಳಲ್ಲಿ ಕಂಡಿತ್ತು. ಮೂರು ನಿಮಿಷವೂ ಇರಲಿಲ್ಲ.

ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮಳೆ ಕಡಿಮೆ. ಇಲ್ಲೇ ಒಂದು ದೂರದರ್ಶಕ ಇಟ್ಟು ದಿನವೂ ಕರೋನ ನೋಡಬಾರದೇಕೆ ಎಂದು ನೀವು ಕೇಳಬಹುದು. ಮೋಡ ಇಲ್ಲದಿದ್ದರೆ ಸಾಲದು. ಬೇಸಿಗೆಯ ಗಾಳಿಗೆ ನಮ್ಮ ಹೊಲಗಳಿಂದ ಎಷ್ಟು ಧೂಳು ಏಳುತ್ತದೆ, ನೋಡಿದ್ದೀರಲ್ಲ! ಆ ಧೂಳು ಸೂರ್ಯನ ಬೆಳಕನ್ನು ಚದುರಿಸಿ ಕರೋನವನ್ನು ಮರೆಮಾಡುತ್ತದೆ. ಅಂಥ ದೂರದರ್ಶಕಕ್ಕೆ ಎತ್ತರದ ಬೆಟ್ಟ, ತಿಳಿ ಗಾಳಿ ಬೇಕು. (ನೀವು ಮಾತ್ರ ಬರಿಗಣ್ಣಿನಿಂದ ಸೂರ್ಯನನ್ನು ನೋಡಬೇಡಿ.)

ಆದರೆ ಕರೋನದಿಂದ ರೇಡಿಯೋ ಅಲೆಗಳೂ ಬರುತ್ತವೆ. ಅವಕ್ಕೆ ಧೂಳೂ ಅಡ್ಡಿಯಲ್ಲ, ಮೋಡವೂ ಅಡ್ಡಿಯಲ್ಲ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ 1997ರಿಂದ ಗೌರಿಬಿದನೂರಿನ ಬಳಿ ಈ ಅಲೆಗಳಿಂದಲೇ ಕರೋನದ ಚಿತ್ರ ತೆಗೆಯುತ್ತಿದೆ. ಹಿಂದೆ ಮಾಳಿಗೆಗಳ ಮೇಲಿರುತ್ತಿದ್ದ ಟಿ.ವಿ. ಆಂಟೆನಾಗಳಂಥವೇ ಅಲ್ಲಿ ಬಯಲಿನಲ್ಲಿ ಸಾಲಾಗಿ ನಿಂತಿವೆ. ಮೊಳಕಾಲ್ಮೂರಿನ ಮಗ್ಗದಲ್ಲಿ ಎಳೆ ಎಳೆ ಸೇರಿ ಸೀರೆಯಾಗುವಂತೆ, ಅವೆಲ್ಲದರ ಸಂಕೇತಗಳು ಸೇರಿ ಒಂದು ಚಿತ್ರವಾಗುತ್ತದೆ.

ಕರೋನದ ಕಾಂತಕ್ಷೇತ್ರವನ್ನೂ ಹೀಗೆ ಅಳೆಯಬಹುದು. ರೇಡಿಯೋ ಅಲೆಗಳಲ್ಲಿ ಕೆಲವು ಬಲಕ್ಕೆ, ಕೆಲವು ಎಡಕ್ಕೆ ಸುತ್ತುತ್ತ ಬರುತ್ತವೆ. ಕಾಂತಕ್ಷೇತ್ರವಿದ್ದಲ್ಲಿ ಎರಡರ ಬಲ ಸಮವಿರುವುದಿಲ್ಲ. ಆ ವ್ಯತ್ಯಾಸದಿಂದ ಲೆಕ್ಕ ಹಾಕುತ್ತಾರೆ. ಏಕೆ ಬೇಕು ಈ ಲೆಕ್ಕ? ಕಾಂತಕ್ಷೇತ್ರ ಕೆರಳಿದರೆ ಸೂರ್ಯನಿಂದ ಸಿಡಿದ ಕಣಗಳು ಭೂಮಿಯವರೆಗೂ ಬರುತ್ತವೆ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಇದರಿಂದಲೇ ಸುಮಾರು 9 ಗಂಟೆ ಕರೆಂಟ್ ಹೋಗಿತ್ತು.

2023ರಲ್ಲಿ ಹಾರಿದ ಆದಿತ್ಯ-ಎಲ್1 ಇದೆಯಲ್ಲ ಎನ್ನಬೇಡಿ. 15 ಲಕ್ಷ ಕಿಲೋಮೀಟರ್ ದೂರದಲ್ಲಿ ಒಂದು ತಂತಿ ಕಿತ್ತರೆ ಯಾರು ಹೋಗಿ ಜೋಡಿಸುತ್ತಾರೆ?

ಆದ್ದರಿಂದ ನಮ್ಮ ಕಡೆಗೆ ಸೂರ್ಯನನ್ನು ನೋಡುವ ದೂರದರ್ಶಕ ಬರುವುದಾದರೆ ರೇಡಿಯೋ ದೂರದರ್ಶಕವೇ ಬರಲಿ ಎಂಬುದು ನನ್ನ ಅಭಿಪ್ರಾಯ. ಆದರೆ ಚಳ್ಳಕೆರೆಯ ಬಳಿ ಪೈಲಟ್ ಇಲ್ಲದ ವಿಮಾನಗಳ ಪರೀಕ್ಷೆ ನಡೆಯುತ್ತದೆ. ಅವನ್ನು ನಡೆಸುವುದೂ ರೇಡಿಯೋ ಅಲೆಗಳಿಂದಲೇ. ಆ ಗದ್ದಲದಲ್ಲಿ ಸೂರ್ಯನ ದನಿ ಕೇಳುವುದು ಕಷ್ಟ. ಮೊಳಕಾಲ್ಮೂರಿನ ಕಡೆ ಎಷ್ಟು ಗದ್ದಲವಿದೆಯೆಂದು ಮೊದಲು ಅಳೆದು ನೋಡಬೇಕು.

ಇನ್ನೊಂದು ಮಾತು. ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಈಗಾಗಲೇ ದೊಡ್ಡ ಸಂಸ್ಥೆಗಳಿಗೆ ಹೋಗಿದೆ. ಕುರಿಗಳಿಗೆ ಮೇವಿನ ಜಾಗ ಕಡಿಮೆಯಾಗಿದೆ. ಆಂಟೆನಾ ನಿಲ್ಲುವುದು ಕಂಬದ ಮೇಲೆ, ಕೆಳಗೆ ಹುಲ್ಲು ಬೆಳೆಯುತ್ತದೆ. ಅಲ್ಲಿ ಕುರಿ ಮೇಯಲು ಬಿಡುವುದಾದರೆ ಮಾತ್ರ ಜಾಗ ಕೊಡಬೇಕು. ಮೇಕೆ ಕೇಬಲ್ ಕಡಿದರೆ ಎನ್ನುವಿರಾ? ಕೇಬಲ್ಲನ್ನು ನೆಲದೊಳಗೆ ಹೂಳಿದರಾಯಿತು.