ಎಂಒಟಿಗೆ ಹೊರಟ ಕಾರು
ಬ್ರಿಟನ್ನಿನಲ್ಲಿ ಕಾರಿಗೆ 3 ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ ಎಂಒಟಿ ಪರೀಕ್ಷೆ, ಅಂದರೆ ಕಾರು ರಸ್ತೆಯಲ್ಲಿ ಓಡಲು ಯೋಗ್ಯವೇ ಎಂಬ ತಪಾಸಣೆ, ಕಡ್ಡಾಯ. ಸರ್ಟಿಫಿಕೇಟಿನ ಅವಧಿ ಮುಗಿದ ಕಾರನ್ನು ರಸ್ತೆಗಿಳಿಸುವಂತಿಲ್ಲ. ಇಳಿಸದೆ ಪರೀಕ್ಷೆಗೆ ಒಯ್ಯುವುದು ಹೇಗೆ? ಅದಕ್ಕೆಂದೇ ಅಲ್ಲಿನ ಕಾನೂನು ಒಂದು ಕಿಂಡಿ ಬಿಟ್ಟಿದೆ: ಮೊದಲೇ ಸಮಯ ಗೊತ್ತುಮಾಡಿಕೊಂಡ ಪರೀಕ್ಷೆಗಾದರೆ ಓಡಿಸಿಕೊಂಡು ಹೋಗಬಹುದು. ಪೊಲೀಸರು ಅಡ್ಡಹಾಕಿದ ಮೇಲೆ ಗ್ಯಾರೇಜಿಗೆ ಫೋನ್ ಹಚ್ಚುವ ಜಾಣರಿಗೆ ಈ ರಿಯಾಯಿತಿ ಒದಗದು. ಇನ್ಶೂರೆನ್ಸ್ ಅಂತೂ ಇರಲೇಬೇಕು. ಬಹಳ ಜನ ಮರೆಯುವುದು ಇನ್ನೊಂದನ್ನು. ಮಾಫಿ ಇರುವುದು ಕಾಗದಕ್ಕೆ ಮಾತ್ರ. ಸರ್ಟಿಫಿಕೇಟ್ ಇಲ್ಲದ್ದಕ್ಕೆ ಬೀಳಬಹುದಾದ 1,000 ಪೌಂಡ್‌ವರೆಗಿನ ದಂಡ ತಪ್ಪೀತು. ಆದರೆ ಟೈರು ಸವೆದು, ಬ್ರೇಕು ಹಿಡಿಯದ ಕಾರನ್ನು ಓಡಿಸಿದರೆ 2,500 ಪೌಂಡ್‌ವರೆಗೆ ತೆರಬೇಕಾದೀತು, ಲೈಸೆನ್ಸಿಗೆ 3 ಪೆನಾಲ್ಟಿ ಪಾಯಿಂಟೂ ಅಂಟೀತು. ಅಂಥ ಗಾಡಿಯನ್ನು ಲಾರಿಯ ಮೇಲೆ ಹೇರಿ ಸಾಗಿಸುವುದೇ ಅಗ್ಗ.