ಹಿಡಿ ಮರಳಿನ ಹದ

ಸೊರಬದ ಬಸ್‌ಸ್ಟ್ಯಾಂಡಿನ ಪಕ್ಕ ನಿಲ್ಲುತ್ತಿದ್ದ ಅಂಬಾಸಿಡರ್ ಟ್ಯಾಕ್ಸಿಗಳನ್ನು ನಮ್ಮ ತಲೆಮಾರಿನವರು ಮರೆತಿಲ್ಲ. ಮದುವೆ ದಿಬ್ಬಣಕ್ಕೂ ಅದೇ, ಹೆರಿಗೆಗೆ ಶಿವಮೊಗ್ಗಕ್ಕೆ ಓಡಲೂ ಅದೇ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರೇ ಬಂಗಾಳದ ಉತ್ತರಪಾರಾಕ್ಕೆ ಬಂದು ಅಂಬಾಸಿಡರ್ ಆದದ್ದು. ಮಾರಿಸ್ ಕಂಪನಿಯ ಕೌಲಿ ಕಾರ್ಖಾನೆಯಲ್ಲಿ ದುಡಿದವರ ನೆನಪುಗಳನ್ನು ಅಲ್ಲಿಯವರು ಧ್ವನಿಮುದ್ರಿಸಿ ಜತನ ಮಾಡಿದ್ದಾರೆ. ನಮ್ಮ ಕಡೆಯ ಕಾರ್ಖಾನೆಗಳಲ್ಲಿ ದುಡಿದವರ ನೆನಪು ಎಲ್ಲಿದೆ?

ಶಿಕಾರಿಪುರ, ಸೊರಬದ ಎಷ್ಟೋ ಮನೆಗಳಿಂದ ಒಬ್ಬರಾದರೂ ಭದ್ರಾವತಿಯ ಕಾರ್ಖಾನೆಗೆ ದುಡಿಯಲು ಹೋದವರಿದ್ದಾರೆ. 1923ರಲ್ಲಿ ಅಲ್ಲಿ ಕಬ್ಬಿಣ ಕರಗತೊಡಗಿದಾಗ ಕುಲುಮೆಗೆ ಬಿದ್ದದ್ದು ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು. ಆಮೇಲೆ ಕಾಗದದ ಕಾರ್ಖಾನೆಯೂ ಬಂತು. ಕನ್ನಡದ ಎಷ್ಟೋ ಪತ್ರಿಕೆಗಳು ಅಚ್ಚಾದದ್ದು ಅದರ ಕಾಗದದ ಮೇಲೆ. ಆದರೆ ಅದನ್ನು ತಯಾರಿಸಿದ ಕೈಗಳ ಬಗ್ಗೆ ಆ ಪುಟಗಳಲ್ಲಿ ಬಂದದ್ದು ತೀರ ಕಡಿಮೆ.

ಸೊರಬದ ಕಡೆಯ ಹಿರಿಯರೊಬ್ಬರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಎರಕದ ಅಚ್ಚಿನ ಮರಳು ಹದಮಾಡುತ್ತಿದ್ದರು. ಮರಳನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟರೆ ಉಂಡೆ ನಿಲ್ಲಬೇಕು, ಬೆರಳ ಗುರುತು ಮೂಡಬೇಕು, ಮುರಿದರೆ ಎರಡೇ ಹೋಳಾಗಬೇಕು. ನೀರು ಹೆಚ್ಚಾದರೆ ಕರಗಿದ ಕಬ್ಬಿಣ ಬಿದ್ದೊಡನೆ ಹಬೆಯೆದ್ದು ಎರಕದಲ್ಲಿ ತೂತು ಬೀಳುತ್ತದೆ. ಕಡಿಮೆಯಾದರೆ ಅಚ್ಚೇ ಉದುರುತ್ತದೆ. ನಿವೃತ್ತರಾಗಿ ಊರಿಗೆ ಬಂದ ಮೇಲೂ ಗದ್ದೆಯ ಬದುವಿನಲ್ಲಿ ನಿಂತರೆ ಅವರ ಕೈ ತಾನಾಗಿ ಮಣ್ಣು ಹಿಡಿದು ಹಿಂಡುತ್ತಿತ್ತು. "ಇದು ಎರಕಕ್ಕೆ ಬರಲ್ಲ, ಭತ್ತಕ್ಕೆ ಬರುತ್ತೆ" ಎನ್ನುತ್ತಿದ್ದರು. ಹೋದ ಮಳೆಗಾಲದಲ್ಲಿ ತೀರಿಕೊಂಡರು. ಅವರಿಂದ ನಾನು ಕೇಳಿ ಬರೆದಿಟ್ಟದ್ದು ಒಂದು ಪುಟವೂ ಇಲ್ಲ.

ಮಲೆನಾಡು ಎಂದರೆ ಅಡಿಕೆ, ಮಳೆ, ಯಕ್ಷಗಾನ ಎಂದೇ ನಾವು ಬರೆಯುತ್ತ, ಅಚ್ಚು ಹಾಕುತ್ತ ಬಂದೆವು. ರಾತ್ರಿಪಾಳಿ ಮುಗಿಸಿ ಬೆಳಗಿನ ಬಸ್ಸು ಹಿಡಿದು ನಾಟಿಗೆ ಊರಿಗೆ ಓಡಿಬಂದವರ ಮಲೆನಾಡು ಹೊರಗೇ ಉಳಿಯಿತು. ಇದು ಪತ್ರಿಕೆ ನಡೆಸುವ ನಮ್ಮ ತಪ್ಪು. ಕಾಗದದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು. ಕಬ್ಬಿಣದ ಕಾರ್ಖಾನೆಗೆ ನೂರು ತುಂಬಿದ 2023ರಲ್ಲೇ ಅದನ್ನು ಮುಚ್ಚುವ ಮಾತು ಬಂತು. ಅಲ್ಲಿ ದುಡಿದವರಿಗೂ ವಯಸ್ಸಾಗಿದೆ.

ಮುಂದಿನ ಸಂಚಿಕೆಯಿಂದ ಅವರ ನೆನಪುಗಳಿಗೆ ಪುಟ ಮೀಸಲು. ಬರೆಯಲು ಆಗದವರು ಹೇಳಲಿ, ಮೊಮ್ಮಕ್ಕಳು ಬರೆದುಕೊಳ್ಳಲಿ. ಹಳೆಯ ಗೇಟ್‌ಪಾಸೋ ಸಂಬಳದ ಚೀಟಿಯೋ ಇದ್ದರೆ ಅದರ ಫೋಟೋವನ್ನೂ ಕಳಿಸಿಕೊಡಿ.