ಹದಿನಾಲ್ಕು ಕೋಟಿಯ ಲೆಕ್ಕ

2014ರ ಫೆಬ್ರುವರಿ 12, ಬೆಂಗಳೂರು. ಐಪಿಎಲ್ ಹರಾಜಿನಲ್ಲಿ ಯುವರಾಜ್ ಸಿಂಗ್ ಹೆಸರು ಬಂತು. ಕೂಗು ಏರುತ್ತ ಏರುತ್ತ 10 ಕೋಟಿಗೆ ಬಂದು ನಿಂತಿತು. ಸುತ್ತಿಗೆ ಬಿತ್ತು, ರಾಯಲ್ ಚಾಲೆಂಜರ್ಸ್ ಮೇಜಿನಲ್ಲಿ ಸಂಭ್ರಮ. ಅಷ್ಟರಲ್ಲಿ ಎದುರಾಳಿ ಮೇಜಿನವರು ತಕರಾರು ತೆಗೆದರು: ನಾವೂ ಕೈ ಎತ್ತಿದ್ದೆವು, ನೀವು ನೋಡಲಿಲ್ಲ. ಹರಾಜುಗಾರ ರಿಚರ್ಡ್ ಮ್ಯಾಡ್ಲಿ ಮತ್ತೆ ಕೂಗು ಶುರು ಮಾಡಿದರು. ಎರಡನೇ ಸಲ ಸುತ್ತಿಗೆ ಬಿದ್ದಾಗಲೂ ಕೊಂಡವರು ಬೆಂಗಳೂರಿನವರೇ. ಬೆಲೆ ಮಾತ್ರ 14 ಕೋಟಿ. ನೋಡನೋಡುತ್ತಲೇ ಒಬ್ಬ ಆಟಗಾರನ ಬೆಲೆ 4 ಕೋಟಿ ಏರಿತ್ತು, ಆ ನಡುವೆ ಅವನು ಒಂದು ಚೆಂಡನ್ನೂ ಆಡಿರಲಿಲ್ಲ.

ಆ ವರ್ಷ ಯುವರಾಜ್ 376 ರನ್ ಹೊಡೆದರು. ಕೆಟ್ಟ ಆಟವೇನಲ್ಲ. ತಂಡ ಎಂಟರಲ್ಲಿ ಏಳನೆಯದಾಯಿತು. ಮರುವರ್ಷ ಬೆಂಗಳೂರು ಅವರನ್ನು ಬಿಟ್ಟಿತು, ಡೆಲ್ಲಿ 16 ಕೋಟಿಗೆ ಕೊಂಡಿತು. ಡೆಲ್ಲಿಯೂ ಏಳನೆಯದೇ ಆಯಿತು.

ಹರಾಜಿನ ದಿನ ನಮ್ಮ ಬೇವೂರಿನ ಚಹಾದಂಗಡಿಯಲ್ಲಿ ಕಡಲೆ ದರಕ್ಕಿಂತ ಆಟಗಾರರ ದರವೇ ಹೆಚ್ಚು ಚರ್ಚೆಯಾಗುತ್ತದೆ. 'ಇವಗ ಇಷ್ಟ್ ರೊಕ್ಕಾನ?' ಎಂದು ಒಬ್ಬ ಕೇಳಿದರೆ, 'ಕೊಡೋರಿಗಿಲ್ಲದ ಚಿಂತಿ ನಿನಗ್ಯಾಕೋ' ಎಂದು ಇನ್ನೊಬ್ಬ ಬಾಯಿ ಮುಚ್ಚಿಸುತ್ತಾನೆ. ಆದರೆ ಮೊದಲನೆಯವನ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಅಮೆರಿಕದ ಬೇಸ್‌ಬಾಲ್ ಲೋಕ ಐವತ್ತು ವರ್ಷಗಳಿಂದ ಇದನ್ನೇ ಕೇಳಿಕೊಳ್ಳುತ್ತಿದೆ. ಕೋಟಿಗಟ್ಟಲೆ ಸುರಿದು ತಂದ ಆಟಗಾರ ಆ ಹಣಕ್ಕೆ ತಕ್ಕವನಾಗುತ್ತಾನೆಯೇ? ನನ್ನ ಮಟ್ಟಿಗೆ ಇದಕ್ಕೆ ಉತ್ತರ ಹುಡುಕಬೇಕಾದದ್ದು ಆ ಆಟಗಾರನ ರನ್ನಿನಲ್ಲಲ್ಲ; ಅವನನ್ನು ಕೊಳ್ಳುವಾಗ ತಂಡದಲ್ಲಿ ಎಷ್ಟು ಜಾಗ ಖಾಲಿ ಇತ್ತು, ಕೊಂಡ ಮೇಲೆ ಚೀಲದಲ್ಲಿ ಎಷ್ಟು ಉಳಿಯಿತು ಎಂಬುದರಲ್ಲಿ.

ಹರಾಜಿನ ರೋಗವನ್ನು ಮೊದಲು ಗುರುತಿಸಿದವರು ಆಟದವರಲ್ಲ, ಎಣ್ಣೆ ಬಾವಿಯವರು. 1971ರಲ್ಲಿ ಅಟ್ಲಾಂಟಿಕ್ ರಿಚ್‌ಫೀಲ್ಡ್ ಕಂಪನಿಯ ಕೇಪೆನ್, ಕ್ಲಾಪ್ ಮತ್ತು ಕ್ಯಾಂಪ್‌ಬೆಲ್ ಎಂಬ ಮೂವರು ಎಂಜಿನಿಯರುಗಳು ಒಂದು ಪ್ರಬಂಧ ಬರೆದರು. ಮೆಕ್ಸಿಕೊ ಕೊಲ್ಲಿಯಲ್ಲಿ ತೈಲದ ಗುತ್ತಿಗೆ ಹಿಡಿದವರಿಗೆ ಲಾಭ ಯಾಕೆ ಅಷ್ಟು ಕಡಿಮೆ ಎಂಬುದು ಅವರ ಪ್ರಶ್ನೆ. ಅವರ ಉತ್ತರ ಸರಳ. ನೆಲದಡಿ ಎಷ್ಟು ಎಣ್ಣೆ ಇದೆಯೆಂದು ಯಾರಿಗೂ ಗೊತ್ತಿಲ್ಲ, ಎಲ್ಲರೂ ಅಂದಾಜು ಮಾಡುತ್ತಾರೆ. ಕೆಲವರು ಕಡಿಮೆ ಅಂದಾಜಿಸುತ್ತಾರೆ, ಕೆಲವರು ಹೆಚ್ಚು. ಹರಾಜು ಗೆಲ್ಲುವವನು ಎಲ್ಲರಿಗಿಂತ ಹೆಚ್ಚು ಅಂದಾಜಿಸಿದವನು, ಅಂದರೆ ಬಹುಪಾಲು ಸಲ ನಿಜಕ್ಕಿಂತ ಹೆಚ್ಚು ಅಂದಾಜಿಸಿ ತಪ್ಪಿದವನು. 1980ರಲ್ಲಿ ಕ್ಯಾಸಿಂಗ್ ಮತ್ತು ಡಗ್ಲಸ್ ಎಂಬ ಅರ್ಥಶಾಸ್ತ್ರಜ್ಞರು ಇದೇ ತರ್ಕವನ್ನು ಬೇಸ್‌ಬಾಲ್‌ನ ಸ್ವತಂತ್ರ ಆಟಗಾರರ ಮಾರುಕಟ್ಟೆಗೆ ಹಚ್ಚಿ ನೋಡಿದರು. ಅಲ್ಲಿಯೂ ತಂಡಗಳು ಆಟಗಾರರಿಗೆ ಅವರ ಯೋಗ್ಯತೆಗಿಂತ ಹೆಚ್ಚೇ ಕೊಡುತ್ತಿದ್ದವು.

ಬೇಸ್‌ಬಾಲ್‌ನಲ್ಲಿ ಇನ್ನೊಂದು ತೊಡಕಿದೆ. ಆಟಗಾರ ದೊಡ್ಡ ಲೀಗಿನಲ್ಲಿ ಆರು ವರ್ಷ ದುಡಿದ ಮೇಲೇ ಸ್ವತಂತ್ರ. ಅಷ್ಟರಲ್ಲಿ ವಯಸ್ಸು ಮೂವತ್ತರ ಹತ್ತಿರ. ಆಮೇಲೆ ಸಿಗುವುದು ಏಳೆಂಟು, ಹತ್ತು ವರ್ಷದ ಒಪ್ಪಂದ. 2011ರ ಡಿಸೆಂಬರಿನಲ್ಲಿ ಏಂಜಲ್ಸ್ ತಂಡ ಆಲ್ಬರ್ಟ್ ಪೂಹೋಲ್ಸ್‌ಗೆ ಹತ್ತು ವರ್ಷಕ್ಕೆ 24 ಕೋಟಿ ಡಾಲರ್ ಒಪ್ಪಿಕೊಂಡಿತು. ಆತ ತನ್ನ ಒಳ್ಳೆಯ ವರ್ಷಗಳನ್ನು ಹಿಂದಿನ ತಂಡಕ್ಕೆ ಕೊಟ್ಟು ಬಂದಿದ್ದ. ಒಪ್ಪಂದ ಮುಗಿಯುವ ಮೊದಲೇ, 2021ರಲ್ಲಿ, ಏಂಜಲ್ಸ್ ಆತನನ್ನು ಕೈಬಿಟ್ಟಿತು. ನಿನ್ನೆಯ ದುಡಿಮೆಗೆ ನಾಳೆ ಸಂಬಳ ಕೊಡುವ ವ್ಯವಹಾರ ಅದು.

ಐಪಿಎಲ್‌ನಲ್ಲಿ ಆ ಉದ್ದನೆಯ ಬಾಲವಿಲ್ಲ. ಆಟಗಾರ ಕೆಟ್ಟರೆ ಮರುವರ್ಷ ಬಿಟ್ಟುಬಿಡಬಹುದು. ಆದರೆ ಇಲ್ಲಿ ಬೇರೆ ಕಟ್ಟು ಇದೆ. ಬೇಸ್‌ಬಾಲ್‌ನ ಶ್ರೀಮಂತ ತಂಡ ಮಿತಿ ಮೀರಿದರೆ ದಂಡ ಕಟ್ಟಿ ಇನ್ನೊಬ್ಬನನ್ನು ಕೊಂಡೀತು. ಐಪಿಎಲ್‌ನಲ್ಲಿ ಎಲ್ಲರಿಗೂ ಒಂದೇ ಅಳತೆಯ ಚೀಲ. 2014ರಲ್ಲಿ ಆ ಚೀಲ 60 ಕೋಟಿಯದು. ಕೊಹ್ಲಿ, ಗೇಲ್, ಡಿವಿಲಿಯರ್ಸ್ ಮೂವರನ್ನು ಉಳಿಸಿಕೊಂಡದ್ದಕ್ಕೆ ಬೆಂಗಳೂರಿನ ಲೆಕ್ಕದಲ್ಲಿ 29.5 ಕೋಟಿ ಕಳೆಯಿತು. ಉಳಿದದ್ದು 30.5 ಕೋಟಿ. ಅದರಲ್ಲಿ 14 ಕೋಟಿ, ಅಂದರೆ ಹತ್ತಿರ ಹತ್ತಿರ ಅರ್ಧ, ಒಬ್ಬನಿಗೇ ಹೋಯಿತು. ಬೌಲರುಗಳು, ಎರಡನೇ ವಿಕೆಟ್ ಕೀಪರ್, ಕೆಳಗಿನ ಕ್ರಮಾಂಕದಲ್ಲಿ ಬೀಸುವವನು, ಬೆಂಚಿನ ಮೇಲೆ ಕೂರುವವರು, ಎಲ್ಲರೂ ಮಿಕ್ಕ ಅರ್ಧದಲ್ಲೇ ಆಗಬೇಕು. ಹಾಗಾಗಿ ಯುವರಾಜ್ ಅವರ ನಿಜವಾದ ಬೆಲೆ 14 ಕೋಟಿ ರೂಪಾಯಿಯಲ್ಲ. ಆ ಹಣದಲ್ಲಿ ಬರಬಹುದಾಗಿದ್ದು, ಬಾರದೆ ಹೋದ ನಾಲ್ಕೈದು ಜನ.

ಬಾರದೆ ಹೋದವರು ಎಂಥವರು ಎಂಬುದಕ್ಕೆ ಅದೇ ಹರಾಜು ಸಾಕ್ಷಿ. ಕೊಡಗಿನ ರಾಬಿನ್ ಉತ್ತಪ್ಪ 5 ಕೋಟಿಗೆ ಕೋಲ್ಕತ್ತಾ ಸೇರಿ 660 ರನ್ ಹೊಡೆದು ಆರೆಂಜ್ ಕ್ಯಾಪ್ ತೊಟ್ಟರು. ಫೈನಲ್ ನಡೆದದ್ದು ಜೂನ್ 1ರಂದು ಚಿನ್ನಸ್ವಾಮಿ ಮೈದಾನದಲ್ಲೇ. ಅಲ್ಲಿ 94 ರನ್ ಹೊಡೆದು ಕೋಲ್ಕತ್ತಾಕ್ಕೆ ಕಪ್ ತಂದುಕೊಟ್ಟವರು ನಮ್ಮ ಮನೀಶ್ ಪಾಂಡೆ. ಮನೆಯವರು ಬೇರೆ ಬಣ್ಣದ ಅಂಗಿಯಲ್ಲಿ ಬಂದು ನಮ್ಮ ಅಂಗಳದಲ್ಲೇ ಗೆದ್ದು ಹೋದರು.

ಹಾಗಾದರೆ ದುಬಾರಿ ಆಟಗಾರ ಯಾವಾಗಲೂ ಲುಕ್ಸಾನೇ? ಅಲ್ಲ. ಇದನ್ನು ಕಬಡ್ಡಿಯಷ್ಟು ಚೆನ್ನಾಗಿ ತೋರಿಸುವ ಆಟ ಇನ್ನೊಂದಿಲ್ಲ. 2023ರ ಪ್ರೊ ಕಬಡ್ಡಿ ಹರಾಜಿನಲ್ಲಿ ತಂಡಕ್ಕೆ 5 ಕೋಟಿಯ ಚೀಲ. ತೆಲುಗು ಟೈಟನ್ಸ್ ರೈಡರ್ ಪವನ್ ಸೆಹ್ರಾವತ್‌ಗೆ 2 ಕೋಟಿ 60 ಲಕ್ಷದ ಮೇಲೆ ಕೊಟ್ಟಿತು. ಪುಣೇರಿ ಪಲ್ಟನ್ ಇರಾನಿನ ಡಿಫೆಂಡರ್ ಮೊಹಮ್ಮದ್‌ರೆಜಾ ಶಾದ್ಲೂಯಿಗೆ 2 ಕೋಟಿ 35 ಲಕ್ಷ ಕೊಟ್ಟಿತು. ಎರಡೂ ಹೆಚ್ಚುಕಡಿಮೆ ಅರ್ಧ ಚೀಲ ಖಾಲಿ ಮಾಡಿದವು. ಪವನ್ ಒಬ್ಬರೇ ಇನ್ನೂರಕ್ಕೂ ಹೆಚ್ಚು ರೇಡ್ ಅಂಕ ತಂದರು, ತಂಡ 22 ಪಂದ್ಯಗಳಲ್ಲಿ ಎರಡನ್ನು ಗೆದ್ದು ತಳ ಸೇರಿತು. ಪುಣೆ ಚಾಂಪಿಯನ್ ಆಯಿತು.

ವ್ಯತ್ಯಾಸ ಆಟಗಾರರಲ್ಲಿರಲಿಲ್ಲ. ಪುಣೆಯವರು ಅಸ್ಲಂ ಇನಾಮ್‌ದಾರ್, ಮೋಹಿತ್ ಗೋಯತ್‌ರಂಥ ಹುಡುಗರನ್ನು ಕಡಿಮೆ ಸಂಬಳದಲ್ಲಿ ಬೆಳೆಸಿಟ್ಟುಕೊಂಡಿದ್ದರು. ಹಿಂದಿನ ವರ್ಷ ಫೈನಲ್ ತನಕ ಹೋಗಿ ಸೋತಿದ್ದರು. ಲೆಫ್ಟ್ ಕಾರ್ನರ್‌ನಲ್ಲಿ ನಿಂತಿದ್ದ ಫಜಲ್ ಅತ್ರಾಚಲಿ ತಂಡ ಬಿಟ್ಟಿದ್ದರಿಂದ ಆ ಒಂದು ಜಾಗ ಖಾಲಿಯಾಗಿತ್ತು, ಅಲ್ಲಿಗೆ ಶಾದ್ಲೂಯಿ ಬಂದರು. ತರಬೇತುದಾರರಾಗಿ ಇದ್ದವರು ಕರ್ನಾಟಕದ ಬಿ.ಸಿ. ರಮೇಶ್. ಪುಣೆ ಚಾಂಪಿಯನ್ ಆದ ಫೈನಲ್ಲಿನಲ್ಲಿ ಸೋತ ಹರಿಯಾಣ ಮರುವರ್ಷ ಅದೇ ಶಾದ್ಲೂಯಿಯನ್ನು 2 ಕೋಟಿ 7 ಲಕ್ಷಕ್ಕೆ ಕೊಂಡು ತಾನೂ ಕಪ್ ಎತ್ತಿತು. ಗೆಲುವಿನ ಹೊಸ್ತಿಲಲ್ಲಿ ನಿಂತ ತಂಡಕ್ಕೆ ಇನ್ನೊಂದು ಪಂದ್ಯ ಗೆದ್ದರೆ ಕಪ್ಪೇ ಸಿಕ್ಕೀತು. ಎರಡು ಪಂದ್ಯ ಗೆಲ್ಲುವ ತಂಡ ನಾಲ್ಕು ಗೆದ್ದರೂ ತಳ ಬಿಟ್ಟು ಮೇಲೇಳುವುದಿಲ್ಲ. 2000ದ ಕೊನೆಯಲ್ಲಿ ಟೆಕ್ಸಸ್ ರೇಂಜರ್ಸ್ 25 ಕೋಟಿ 20 ಲಕ್ಷ ಡಾಲರಿಗೆ ಅಲೆಕ್ಸ್ ರಾಡ್ರಿಗಸ್‌ನನ್ನು ತಂದಿತು. ಆತ ಮೂರು ವರ್ಷದಲ್ಲಿ 156 ಹೋಮ್ ರನ್ ಹೊಡೆದ. ಮೂರೂ ವರ್ಷ ಟೆಕ್ಸಸ್ ತನ್ನ ವಿಭಾಗದಲ್ಲಿ ಕೊನೆ. ಕೊಟ್ಟ ಮಾತಿನಂತೆ ಆತ ದುಡಿದಿದ್ದ, ಜೊತೆಗಾರರಿರಲಿಲ್ಲ.

ಶಾದ್ಲೂಯಿಗಿಂತ ಒಂದು ವರ್ಷ ಮೊದಲಿನ ಪವನ್ ಕಥೆ ಇನ್ನೂ ವಿಚಿತ್ರ. 2022ರಲ್ಲಿ ತಮಿಳ್ ತಲೈವಾಸ್ ಅವರಿಗೆ 2 ಕೋಟಿ 26 ಲಕ್ಷ ಕೊಟ್ಟಿತ್ತು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಮೊದಲ ಪಂದ್ಯ. ಹತ್ತು ನಿಮಿಷವಾಗುವಷ್ಟರಲ್ಲಿ ಎದುರಾಳಿಯನ್ನು ಹಿಡಿಯಹೋಗಿ ಮೊಣಕಾಲು ತಿರುಗಿತು. ಅವರನ್ನು ಎತ್ತಿಕೊಂಡೇ ಹೊರಗೆ ಒಯ್ದರು, ಆ ಸೀಸನ್ ಅಲ್ಲಿಗೆ ಮುಗಿಯಿತು. ತಲೈವಾಸ್ ಮುಳುಗಿತು ಎಂದೇ ಎಲ್ಲರ ಎಣಿಕೆ. ಆದರೆ ನರೇಂದರ್ ಎಂಬ ಹೊಸ ಹುಡುಗ ಆ ಜಾಗದಲ್ಲಿ ರೇಡ್‌ಗೆ ಇಳಿದು ಚೊಚ್ಚಲ ಸೀಸನ್ನಿನಲ್ಲೇ ಇನ್ನೂರಕ್ಕೂ ಹೆಚ್ಚು ಅಂಕ ತಂದ. ತಲೈವಾಸ್ ಮೊದಲ ಬಾರಿಗೆ ಸೆಮಿಫೈನಲ್ ತಲುಪಿತು. ಪವನ್ ಗಟ್ಟಿಯಾಗಿದ್ದರೆ ನರೇಂದರ್‌ಗೆ ಅಷ್ಟು ರೇಡ್ ಸಿಗುತ್ತಿದ್ದವೇ ಎಂಬುದು ಯೋಚಿಸಬೇಕಾದ ಮಾತು.

ರೊಕ್ಕ ಕೊಟ್ಟು ತಂದವನನ್ನೇ ಆಡಿಸುವ ಈ ಕಾಯಿಲೆ ನಮ್ಮಲ್ಲೂ ಇದೆ. ಬಾಗಲಕೋಟೆ, ಹುನಗುಂದ, ಬಾದಾಮಿ ಸೀಮೆಯ ಹೊನಲು ಬೆಳಕಿನ ಕಬಡ್ಡಿ ಟೂರ್ನಿಗಳಲ್ಲಿ ಊರವರು ಪಟ್ಟಿ ಎತ್ತಿ ಹೊರಗಿನ ರೈಡರ್‌ನನ್ನು ಕರೆಸುವುದುಂಟು. ಬಸ್ ಖರ್ಚು, ಊಟ, ರಾತ್ರಿಗಿಷ್ಟು ಎಂದು ಮಾತಾಗಿರುತ್ತದೆ. ಬಂದವನು ಮೂರು ರೇಡಿಗೆ ಮೂರು ಸಲ ಸಿಕ್ಕಿಬಿದ್ದರೂ ನಾಲ್ಕನೆಯದಕ್ಕೆ ಅವನೇ ಹೋಗಬೇಕು. ಗೆರೆಯಾಚೆ ಕುಳಿತ ಊರ ಹುಡುಗ ಒಳಗೆ ಬಿಡಿ ಎಂದರೆ ಕಮಿಟಿಯವರ ಉತ್ತರ ಸಿದ್ಧವಿರುತ್ತದೆ: 'ರೊಕ್ಕ ಕೊಟ್ಟೀವಿ, ಆಡಸಾಕ ಬೇಕಲ್ಲ!' ಕೊಟ್ಟ ರೊಕ್ಕ ಆಗಲೇ ಹೋಗಿದೆ, ಅವನು ಆಡಿದರೂ ಬಾರದು, ಕೂತರೂ ಬಾರದು. ಆದರೆ ಅದನ್ನು ಒಪ್ಪುವ ಎದೆಗಾರಿಕೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಂಡಗಳಿಗೂ ಇರಲಿಲ್ಲ. 1995ರಲ್ಲಿ ಸ್ಟಾ ಮತ್ತು ಹೋಆಂಗ್ ಎಂಬ ಸಂಶೋಧಕರು ಎನ್‌ಬಿಎ ಲೆಕ್ಕ ತೆಗೆದರು. ಆಯ್ಕೆಯಲ್ಲಿ ಮೊದಮೊದಲು ಆರಿಸಿಕೊಂಡ ಆಟಗಾರನನ್ನು, ಅವನ ಆಟ ಅಷ್ಟಕ್ಕಷ್ಟೇ ಆಗಿದ್ದರೂ, ತಂಡಗಳು ಹೆಚ್ಚು ಹೊತ್ತು ಆಡಿಸುತ್ತಿದ್ದವು, ಹೆಚ್ಚು ವರ್ಷ ಇಟ್ಟುಕೊಳ್ಳುತ್ತಿದ್ದವು.

ದೊಡ್ಡ ಹೆಸರು ಗೆಲುವು ತರದಿದ್ದರೂ ಗಲ್ಲಾ ತುಂಬಿಸುತ್ತದೆ ಎಂಬ ವಾದವೂ ಇದೆ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಕ್ಯಾಂಪ್ ಹಾಕುವ ನಾಟಕ ಕಂಪನಿಗಳ ಮಾಲೀಕರಿಗೆ ಇದು ಚೆನ್ನಾಗಿ ಗೊತ್ತು. ಸಿನಿಮಾದ ಮುಖವೊಂದನ್ನು ಅತಿಥಿ ಕಲಾವಿದರೆಂದು ಬೋರ್ಡಿಗೆ ಹಾಕಿದರೆ ಅಂದಿನ ಟಿಕೆಟ್ ಕೌಂಟರಿನ ಮುಂದೆ ನೂಕುನುಗ್ಗಲು. ಅವರಿಗೆ ಅದು ನ್ಯಾಯವಾದ ಲೆಕ್ಕ, ಯಾಕೆಂದರೆ ಟಿಕೆಟ್ಟೇ ಅವರ ಆದಾಯ. ಲಾಸ್ ಏಂಜಲೀಸಿನ ಡಾಡ್ಜರ್ಸ್ 2023ರಲ್ಲಿ ಶೋಹೆಯ್ ಒಟಾನಿಗೆ ಹತ್ತು ವರ್ಷಕ್ಕೆ 70 ಕೋಟಿ ಡಾಲರ್ ಒಪ್ಪಿದ್ದರ ಹಿಂದೆಯೂ ಇಂಥದೇ ಯೋಚನೆ ಇತ್ತು, ಜಪಾನಿನ ಜಾಹೀರಾತು ಮತ್ತು ಪ್ರೇಕ್ಷಕರು ಆತನ ಜೊತೆಗೇ ಬಂದರು. ಐಪಿಎಲ್‌ನಲ್ಲಿ ಈ ವಾದ ನಿಲ್ಲುವುದು ಕಷ್ಟ. 2023ರಿಂದ 2027ರ ಪ್ರಸಾರ ಹಕ್ಕು 48,390 ಕೋಟಿಗೆ ಹೋಯಿತು. ಫ್ರಾಂಚೈಸಿಗಳ ದೊಡ್ಡ ಆದಾಯ ಅದರಲ್ಲಿ ಸಿಗುವ ಪಾಲು. ಒಬ್ಬ ತಾರೆ ಹೆಚ್ಚಾದರೆ ಆ ಪಾಲು ಹೆಚ್ಚುವುದಿಲ್ಲ. ಚಿನ್ನಸ್ವಾಮಿಯಂತೂ ತಂಡ ಏಳನೆಯದಾದ ವರ್ಷಗಳಲ್ಲೂ ತುಂಬಿಯೇ ಇತ್ತು.

ಇಷ್ಟೆಲ್ಲ ಲೆಕ್ಕದಲ್ಲಿ ಆಟಗಾರನನ್ನೇ ಬೈಯುವುದು ಮಾತ್ರ ಅನ್ಯಾಯ. ಬೇಸ್‌ಬಾಲ್‌ನಲ್ಲಿ ಆಟಗಾರ ಮೊದಲು ತಂಡದ ಸೊತ್ತಿನಂತಿದ್ದ. ಕರ್ಟ್ ಫ್ಲಡ್ ಎಂಬಾತ 1969ರಲ್ಲಿ ತನ್ನನ್ನು ಕೇಳದೆ ಇನ್ನೊಂದು ತಂಡಕ್ಕೆ ಕಳಿಸಿದ್ದನ್ನು ಒಪ್ಪದೆ ಆಮೇಲೆ ಕೋರ್ಟಿಗೆ ಹೋದ, 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತ. 1975ರ ಕೊನೆಗೆ ಪೀಟರ್ ಸೈಟ್ಸ್ ಎಂಬ ಮಧ್ಯಸ್ಥಗಾರ ಬೇರೆ ಇಬ್ಬರ ಪ್ರಕರಣದಲ್ಲಿ ಕೊಟ್ಟ ತೀರ್ಪಿನಿಂದ ಆಟಗಾರ ಸ್ವತಂತ್ರನಾಗುವ ಬಾಗಿಲು ತೆರೆಯಿತು. ನಮ್ಮ ಹರಾಜಿನಲ್ಲಿ ಯಾವ ಊರಿಗೆ ಆಡಬೇಕೆಂಬುದು ಇಂದಿಗೂ ಆಟಗಾರನ ಕೈಯಲ್ಲಿಲ್ಲ. ಬೆಂಗಳೂರಿನ ಕೆ. ಗೌತಮ್ 2021ರಲ್ಲಿ 20 ಲಕ್ಷದ ಮೂಲಬೆಲೆಗೆ ಹರಾಜಿಗೆ ನಿಂತಿದ್ದರು. ಚೆನ್ನೈ ಅವರನ್ನು 9.25 ಕೋಟಿಗೆ ಕೊಂಡಿತು. ಭಾರತಕ್ಕೆ ಆಡದ ಆಟಗಾರನಿಗೆ ಅಲ್ಲಿಯವರೆಗೆ ಸಿಕ್ಕಿದ್ದ ಅತಿ ದೊಡ್ಡ ಬೆಲೆ ಅದು. ಆ ಸೀಸನ್ನಿನಲ್ಲಿ ಅವರಿಗೆ ಒಂದು ಪಂದ್ಯವೂ ಸಿಗಲಿಲ್ಲ. ಚೆನ್ನೈ ಕಪ್ ಗೆದ್ದಿತು. ಮರುವರ್ಷ ಲಖನೌ ಅವರನ್ನು ಕೊಂಡದ್ದು 90 ಲಕ್ಷಕ್ಕೆ. ಒಂದು ಚೆಂಡನ್ನೂ ಎಸೆಯದವನ ಬೆಲೆ ಹತ್ತರಲ್ಲಿ ಒಂದಾಯಿತು. ಏರಿಸಿದ್ದೂ ಬೇರೆಯವರು, ಇಳಿಸಿದ್ದೂ ಬೇರೆಯವರು, ಬೈಸಿಕೊಂಡದ್ದು ಮಾತ್ರ ಅವರು.

ಬೆಂಗಳೂರು ತಂಡಕ್ಕೆ ಈ ಪಾಠ ತಲೆಗೆ ಹತ್ತಲು ಹನ್ನೊಂದು ವರ್ಷ ಹಿಡಿಯಿತು. 2024ರ ನವೆಂಬರಿನಲ್ಲಿ ಜೆಡ್ಡಾದಲ್ಲಿ ಹರಾಜು. 120 ಕೋಟಿಯ ಚೀಲದಲ್ಲಿ 37 ಕೋಟಿ ಉಳಿಸಿಕೊಂಡವರಿಗೆ ಕಳೆದು 83 ಕೋಟಿ ಕೈಯಲ್ಲಿತ್ತು. ಅವರ ಅತಿ ದುಬಾರಿ ಖರೀದಿ ಜೋಶ್ ಹೇಜಲ್‌ವುಡ್, 12.5 ಕೋಟಿ, ಅಂದರೆ ನೂರಕ್ಕೆ ಹದಿನೈದರಷ್ಟು. ಅದೇ ಹರಾಜಿನಲ್ಲಿ ಲಖನೌ ತನ್ನ ಕೈಯಲ್ಲಿದ್ದ 69 ಕೋಟಿಯಲ್ಲಿ 27 ಕೋಟಿಯನ್ನು ರಿಷಭ್ ಪಂತ್‌ಗೇ ಇಟ್ಟಿತು. ಪಂತ್ 269 ರನ್ ಹೊಡೆದರು, ಅದರಲ್ಲಿ 118 ಕೊನೆಯ ಪಂದ್ಯದಲ್ಲೇ ಬಂದವು. ಲಖನೌ ಏಳನೆಯದಾಯಿತು. ಬೆಂಗಳೂರಿಗೆ ಹೇಜಲ್‌ವುಡ್ 22 ವಿಕೆಟ್ ತಂದರು. 2025ರ ಜೂನ್ 3ರ ಫೈನಲ್ಲಿನಲ್ಲಿ ನಾಲ್ಕು ಓವರಿಗೆ 17 ರನ್ ಕೊಟ್ಟು ಎರಡು ವಿಕೆಟ್ ಕಿತ್ತು ಪಂದ್ಯ ತಿರುಗಿಸಿದ ಕೃಣಾಲ್ ಪಾಂಡ್ಯ 5.75 ಕೋಟಿಯವರು. ನಾಯಕ ರಜತ್ ಪಾಟೀದಾರ್ 2022ರ ಹರಾಜಿನಲ್ಲಿ ಮಾರಾಟವೇ ಆಗದೆ, ಗಾಯಗೊಂಡವರೊಬ್ಬರ ಬದಲಿಗೆ 20 ಲಕ್ಷಕ್ಕೆ ಬಂದವರು.

ಈ ತರ್ಕಕ್ಕೆ ಎದುರು ನಿಲ್ಲುವಂತೆ ಕಾಣುವುದು ಕೋಲ್ಕತ್ತಾದ ಮಿಚೆಲ್ ಸ್ಟಾರ್ಕ್. ಆತನಿಗೆ ಕೊಟ್ಟದ್ದು 24.75 ಕೋಟಿ, ಲೀಗ್ ಪಂದ್ಯಗಳ ಆರಂಭದಲ್ಲಿ ಹೊಡೆಸಿಕೊಂಡದ್ದೂ ಅಷ್ಟೇ ಧಾರಾಳ. ಆದರೆ 2024ರ ಕ್ವಾಲಿಫೈಯರಿನಲ್ಲೂ ಫೈನಲ್ಲಿನಲ್ಲೂ ಪಂದ್ಯಶ್ರೇಷ್ಠ ಆತನೇ. ನೋಡಿದರೆ ಅದೂ ಪುಣೆಯ ಶಾದ್ಲೂಯಿ ಕಥೆಯೇ. ಆತನನ್ನು ಕೊಂಡದ್ದು ಕಿರು ಹರಾಜಿನಲ್ಲಿ, ಕೋಲ್ಕತ್ತಾದ ತಂಡ ಬಹುಪಾಲು ಸಿದ್ಧವಾಗಿತ್ತು, ಹೊಸ ಚೆಂಡಿಗೊಬ್ಬ ವೇಗಿ ಬೇಕಿತ್ತು.

ಹಾಗಾಗಿ ದುಬಾರಿ ಆಟಗಾರನನ್ನು ಕೊಳ್ಳುವ ಹಕ್ಕು ತಂಡ ಕಟ್ಟಿ ಮುಗಿಸಿದವರಿಗೆ ಮಾತ್ರ ಇರಬೇಕು. ಒಂದೇ ಜಾಗ ಖಾಲಿ ಇದೆ, ಆ ಜಾಗಕ್ಕೆ ಇವನೇ ಸರಿ, ಇವನು ಮೊದಲ ದಿನವೇ ಗಾಯಗೊಂಡರೂ ಉಳಿದವರು ಆಟ ನಡೆಸಿಯಾರು ಎನ್ನುವ ಮಾಲೀಕ ಎಷ್ಟು ಬೇಕಾದರೂ ಕೂಗಲಿ. ಉಳಿದವರು ಹರಾಜಿಗೆ ಹೋಗುವ ಮೊದಲೇ ಮಿತಿಯನ್ನು ಕಾಗದದ ಮೇಲೆ ಬರೆದುಕೊಂಡು, ಅದಕ್ಕಿಂತ ಒಂದು ಲಕ್ಷ ಮೇಲಾದರೂ ಕೈ ಕೆಳಗಿಡಬೇಕು. ಬೇವೂರು, ರಾಂಪುರ, ಶಿರೂರು, ಸೀತಿಮನಿಯ ಕಬಡ್ಡಿ ಕಮಿಟಿಗಳಿಗೂ ಇದೇ ಮಾತು. ಹೊರಗಿನ ರೈಡರ್‌ನ ಒಂದು ರಾತ್ರಿಯ ರೊಕ್ಕ ಸೇರಿಸುತ್ತ ಹೋದರೆ ನಾಲ್ಕಾರು ಜಾತ್ರೆಗಳಲ್ಲಿ ಹೈಸ್ಕೂಲಿಗೊಂದು ಮ್ಯಾಟ್ ಬಂದೀತು. ಮುಂದಿನ ನರೇಂದರ್ ಅಲ್ಲಿ ತಯಾರಾಗುತ್ತಾನೆಂಬ ಖಾತ್ರಿ ಇಲ್ಲ. ಮ್ಯಾಟ್ ಇಲ್ಲದೆ ತಯಾರಾಗುವುದಿಲ್ಲ ಎಂಬುದಂತೂ ಖಾತ್ರಿ.